ಮುನ್ನೂರ ನಲವತ್ತು ಸಾಲಿನ ಮೆಥಡ್ ಬಿಡಿಸುವ ಬಗೆ: ಅಡಿಕೆ ಮಂಡಿಯ ಒಂದು ಉದಾಹರಣೆ

ಶಿವಮೊಗ್ಗದ ಅಡಿಕೆ ಮಂಡಿಯೊಂದಕ್ಕೆ ನಾನು ಬರೆದುಕೊಟ್ಟ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ‘ಲೆಕ್ಕಪಟ್ಟಿ_ಮಾಡು’ ಎಂಬ ಮೆಥಡ್ (ಹೆಸರಿಟ್ಟು ಕರೆಯುವ ಕೋಡ್‌ನ ತುಂಡು) ಒಂದಿತ್ತು. ಮೊದಲ ವರ್ಷ ಅದು ಅರವತ್ತು ಸಾಲಿನದು. ಚೀಲಗಳ ತೂಕ ಹಿಡಿದು, ದರದಿಂದ ಗುಣಿಸಿ, ಹಮಾಲಿ ಕಳೆದು, ರೈತರ ಕೈಗೆ ಕೊಡುವ ಪಟ್ಟಿಯನ್ನು ಮುದ್ರಿಸುತ್ತಿತ್ತು. ಆಮೇಲೆ ಮುಂಗಡದ ಕಂತು ಕಳೆಯುವುದು ಸೇರಿತು, ಮರುವರ್ಷ ರೈತರ ಮೊಬೈಲ್‌ಗೆ ಸಂದೇಶ ಕಳಿಸುವುದು ಸೇರಿತು, ಒಬ್ಬರೇ ರೈತರು ರಾಶಿ, ಬೆಟ್ಟೆ ಎಂಬ ಎರಡು ಬಗೆಯ ಅಡಿಕೆಯನ್ನೂ ಒಟ್ಟಿಗೆ ತಂದಾಗ ಎರಡನ್ನೂ ಒಂದೇ ಪಟ್ಟಿಯಲ್ಲಿ ತೋರಿಸಬೇಕೆಂಬ ಬೇಡಿಕೆಯೂ ಬಂತು. ನಾಲ್ಕು ಕೊಯ್ಲು ಮುಗಿಯುವಷ್ಟರಲ್ಲಿ ಅದು 340 ಸಾಲಾಗಿತ್ತು. ಎಲ್ಲವನ್ನೂ ಬರೆದವನು ನಾನೇ ಆದ್ದರಿಂದ ದೂರುವುದಕ್ಕೆ ಬೇರೆ ಯಾರೂ ಇರಲಿಲ್ಲ.

ಆಷಾಢದ ಮಳೆಯಲ್ಲಿ ಒಂದು ಮಧ್ಯಾಹ್ನ ಪಟ್ಟಿ ಮುದ್ರಣವಾಗುತ್ತಿದ್ದಾಗಲೇ ಕರೆಂಟ್ ಹೋಯಿತು. ಬಂದ ಮೇಲೆ ಗುಮಾಸ್ತರು ಅದೇ ಗುಂಡಿಯನ್ನು ಮತ್ತೊಮ್ಮೆ ಒತ್ತಿದರು, ಪಟ್ಟಿ ಸರಿಯಾಗಿಯೇ ಬಂತು. ತಿಂಗಳ ಕೊನೆಯಲ್ಲಿ ಖಾತೆ ತಾಳೆ ನೋಡುವಾಗ ಅವರು ನನಗೆ ಫೋನ್ ಮಾಡಿದರು: ‘ಪಟ್ಟೀಲಿ ಹದಿನೈದು ಸಾವಿರ ಒಂದೇ ಸಲ ಕಳ್ದಿದೆ, ಖಾತೇಲಿ ಎರಡು ಸಲ ಜಮಾ ಆಗಿದೆ. ಇದೆಂಥ ಲೆಕ್ಕ ಮಾರಾಯ್ರೆ?’ ಮುಂಗಡವನ್ನು ಖಾತೆಗೆ ಬರೆಯುವ ಸಾಲು ಎಲ್ಲಿದೆ ಎಂದು ಹುಡುಕಲು ನನಗೇ ಅರ್ಧ ದಿನ ಹಿಡಿಯಿತು. ಅದು ಲೆಕ್ಕ ಮಾಡುವ ಸಾಲುಗಳ ನಡುವೆ, ನಾಲ್ಕು ‘ಇದ್ದರೆ’ಗಳ (‘ಇಫ್’ ಷರತ್ತುಗಳ) ಒಳಗೆ, ಮುದ್ರಣಕ್ಕಿಂತ ನೂರು ಸಾಲು ಮೇಲೆ ಅಡಗಿ ಕುಳಿತಿತ್ತು. ಮುದ್ರಣಕ್ಕೆಂದು ಒತ್ತಿದ ಗುಂಡಿ ಇಡೀ ಮೆಥಡ್ಡನ್ನು ಮೊದಲಿನಿಂದ ಓಡಿಸಿತ್ತು. ಆ ಮೆಥಡ್ಡನ್ನು ನಾನು ಬಿಡಿಸಿದ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಉದಾಹರಣೆಯ ಕೋಡನ್ನು ಯಾವ ಪ್ರೋಗ್ರಾಮಿಂಗ್ ಭಾಷೆಗೂ ಕಟ್ಟಿಹಾಕದೆ ಕನ್ನಡದಲ್ಲಿಯೇ ಕೊಟ್ಟಿದ್ದೇನೆ. ಜಾವಾ, ಪೈಥಾನ್, ಸಿ ಶಾರ್ಪ್ ಯಾವುದರಲ್ಲಿ ಕೆಲಸ ಮಾಡುವವರಿಗೂ ಇದು ಹೊಂದುತ್ತದೆ.

ಎಷ್ಟು ಉದ್ದವಾದರೆ ಉದ್ದ?

ಸಾಲುಗಳ ಲೆಕ್ಕದಲ್ಲಿ ಒಮ್ಮತವಿಲ್ಲ. ಕೋಡನ್ನು ತಪಾಸಿಸುವ ಸಾಧನಗಳಲ್ಲಿ ಮೆಥಡ್‌ನ ಉದ್ದ ಅಳೆಯುವ ನಿಯಮವನ್ನು ಹಾಕಿಕೊಂಡರೆ ರೂಬಿಯ ರುಬೊಕಾಪ್ 10 ಸಾಲಿಗೇ ಎಚ್ಚರಿಸುತ್ತದೆ, ಜಾವಾಸ್ಕ್ರಿಪ್ಟ್‌ನ ಇಎಸ್‌ಲಿಂಟ್ 50ಕ್ಕೆ, ಜಾವಾದ ಚೆಕ್‌ಸ್ಟೈಲ್ 150ಕ್ಕೆ. ಇವೆಲ್ಲ ನಾವು ಬದಲಿಸದೆ ಬಿಟ್ಟರೆ ಇರುವ ಮಿತಿಗಳು. ಲಿನಕ್ಸ್ ಕರ್ನಲ್‌ನ ಬರವಣಿಗೆಯ ನಿಯಮಗಳು ಫಂಕ್ಷನ್ ಎಂಬುದು 80ಕ್ಕೆ 24ರ ಪರದೆಯಲ್ಲಿ ಒಂದೆರಡು ತೆರೆಯಷ್ಟಿರಲಿ, ಒಳಗಿನ ವೇರಿಯಬಲ್‌ಗಳು (ಬೆಲೆಯೊಂದನ್ನು, ಎಂದರೆ ವ್ಯಾಲ್ಯೂವನ್ನು, ಹಿಡಿದಿಡುವ ಹೆಸರುಗಳು) ಐದರಿಂದ ಹತ್ತನ್ನು ಮೀರದಿರಲಿ ಎನ್ನುತ್ತವೆ. ಈ ಎರಡನೆಯ ಮಾತು ನನಗೆ ಮೊದಲನೆಯದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ, ಏಕೆಂದರೆ ಓದುವವನ ತಲೆಯಲ್ಲಿ ಒಟ್ಟಿಗೆ ನಿಲ್ಲಬೇಕಾದವು ಸಾಲುಗಳಿಗಿಂತ ಹೆಚ್ಚಾಗಿ ಬದಲಾಗುತ್ತಿರುವ ಬೆಲೆಗಳು. ಕವಲುಗಳನ್ನು ಎಣಿಸುವುದೂ ಒಳ್ಳೆಯ ಅಳತೆಯೇ. ಥಾಮಸ್ ಮೆಕೇಬ್ 1976ರಲ್ಲಿ ಮುಂದಿಟ್ಟ ಸೈಕ್ಲೊಮ್ಯಾಟಿಕ್ ಕಾಂಪ್ಲೆಕ್ಸಿಟಿಯನ್ನು ಸರಳವಾಗಿ ಹೇಳುವುದಾದರೆ, ಪ್ರತಿ ‘ಇದ್ದರೆ’ಗೂ ಪ್ರತಿ ಲೂಪ್‌ಗೂ (ಅದೇ ಸಾಲುಗಳನ್ನು ಮತ್ತೆ ಮತ್ತೆ ಓಡಿಸುವ ಸುತ್ತು) ಒಂದೊಂದು ಎಣಿಸಿ ಕೊನೆಗೆ ಒಂದು ಕೂಡಿಸಬೇಕು, ಆ ಸಂಖ್ಯೆ 10ನ್ನು ಮೀರಿದರೆ ಯೋಚಿಸಿ ಎಂಬುದು ಅವರ ಸಲಹೆ. ನನ್ನ ಮೆಥಡ್‌ನದು 47 ಬಂದಿತ್ತು.

ಆದರೂ ಅಂಕಿ ನೋಡಿ ಕತ್ತರಿ ಹಿಡಿಯಬಾರದು. ನಾನು ಕೇಳಿಕೊಳ್ಳುವ ಪ್ರಶ್ನೆ ಇಷ್ಟೇ: ಮಂಡಿಯವರು ಒಂದು ಸಣ್ಣ ಪ್ರಶ್ನೆ ಕೇಳಿದರೆ, ಅದಕ್ಕೆ ಉತ್ತರಿಸಲು ನಾನು ಅದಕ್ಕೆ ಸಂಬಂಧವೇ ಇಲ್ಲದ ಎಷ್ಟು ಸಾಲುಗಳನ್ನು ಓದಬೇಕಾಗುತ್ತದೆ? ಹಮಾಲಿ ಎಷ್ಟು ಹಿಡಿದಿದ್ದೀರಿ ಎಂಬುದಕ್ಕೆ ಮುದ್ರಣದ ಅಂಚಿನ ಅಳತೆಯನ್ನೂ ಓದಬೇಕಾಗಿ ಬಂದರೆ ಆ ಮೆಥಡ್ ಉದ್ದವಾಯಿತು ಎಂದೇ ಅರ್ಥ.

ಮುಟ್ಟುವ ಮೊದಲು ಹಳೆಯ ಪಟ್ಟಿಗಳನ್ನು ಕಟ್ಟಿಡಿ

ರಿಫ್ಯಾಕ್ಟರಿಂಗ್ ಎಂದರೆ ಹೊರಗಿನ ನಡತೆ ಕೂದಲೆಳೆಯಷ್ಟೂ ಬದಲಾಗದಂತೆ ಒಳಗಿನ ರಚನೆಯನ್ನು ಬದಲಿಸುವುದು. ಹಾಗಾದರೆ ಹೊರಗಿನ ನಡತೆ ಈಗ ಹೇಗಿದೆ ಎಂಬುದು ಎಲ್ಲಿಯಾದರೂ ದಾಖಲಾಗಿರಬೇಕು. ಇಂಥ ಹಳೆಯ ಕೋಡ್‌ಗೆ ಸಾಮಾನ್ಯವಾಗಿ ಟೆಸ್ಟ್‌ಗಳಿರುವುದಿಲ್ಲ, ನನ್ನದಕ್ಕೂ ಇರಲಿಲ್ಲ. 340 ಸಾಲಿಗೆ ಕುಳಿತು ಒಂದೊಂದೇ ಟೆಸ್ಟ್ ಬರೆಯುವ ಬದಲು ನಾನು ಹಿಂದಿನ ಕೊಯ್ಲಿನ 200 ಲಾಟ್‌ಗಳನ್ನು (ಒಟ್ಟಿಗೆ ಮಾರುವ ಚೀಲಗಳ ಗುಂಪು) ಆರಿಸಿಕೊಂಡು, ಡೇಟಾಬೇಸ್‌ನ ಒಂದು ನಕಲಿನ ಮೇಲೆ ಈಗಿನ ಮೆಥಡ್ಡನ್ನೇ ಓಡಿಸಿ, ಮುದ್ರಣಕ್ಕೆ ಹೋಗುವ ಪಠ್ಯವನ್ನೂ ಖಾತೆಗೆ ಬೀಳುವ ನಮೂದುಗಳನ್ನೂ ಫೈಲ್‌ಗಳಲ್ಲಿ ಉಳಿಸಿಕೊಂಡೆ. ಮುಂದೆ ಪ್ರತಿ ಬದಲಾವಣೆಯ ನಂತರವೂ ಅದೇ 200 ಲಾಟ್‌ಗಳನ್ನು ಓಡಿಸಿ ಅಕ್ಷರಕ್ಕೆ ಅಕ್ಷರ ಹೋಲಿಸುವ ಸಣ್ಣದೊಂದು ಸ್ಕ್ರಿಪ್ಟ್ ಸಾಕಾಯಿತು.

ಆರಿಸುವಾಗ ಕಣ್ಣು ಮುಚ್ಚಿ 200 ಎಣಿಸಬಾರದು. ರಾಶಿ, ಬೆಟ್ಟೆ, ಸರಕು, ಗೊರಬಲು ನಾಲ್ಕೂ ಇರಲಿ. ಒಂದೇ ಚೀಲದ ಲಾಟ್, ಮುಂಗಡವೇ ಇಲ್ಲದ ರೈತರು, ಕಂತಿಗಿಂತ ಕಡಿಮೆ ಬಾಕಿ ಉಳಿದವರು, ಮೊಬೈಲ್ ಸಂಖ್ಯೆ ಕೊಡದವರು, ಹೀಗೆ ಮೂಲೆಯ ಪ್ರಕರಣಗಳೇ ಹೆಚ್ಚಿರಲಿ. ಪಟ್ಟಿಯ ಕ್ರಮಸಂಖ್ಯೆ, ಮುದ್ರಿಸಿದ ಸಮಯ ಇವು ಪ್ರತಿಸಲವೂ ಬದಲಾಗುವುದರಿಂದ ಹೋಲಿಸುವ ಮೊದಲು ಅವುಗಳ ಜಾಗದಲ್ಲಿ ಸ್ಥಿರವಾದ ಗುರುತೊಂದನ್ನು ಹಾಕಬೇಕು. ರೈತರ ಹೆಸರು, ಫೋನ್ ಸಂಖ್ಯೆಗಳನ್ನು ಆ ನಕಲಿನಿಂದ ಅಳಿಸಿಬಿಡಬೇಕು. ಇನ್ನೊಂದು ಮಾತು: ಸಂದೇಶ ಕಳಿಸುವ ಭಾಗವನ್ನು ಪರೀಕ್ಷೆಯ ಹೊತ್ತಿಗೆ ಮುಚ್ಚಲು ಮರೆಯದಿರಿ. ಹೋದ ವರ್ಷದ ಪಟ್ಟಿಯ ಸಂದೇಶ ಈಗ ಯಾರ ಮೊಬೈಲ್‌ಗಾದರೂ ಹೋದರೆ ಅದನ್ನು ವಿವರಿಸುವುದು ಕಷ್ಟ.

ಈ ಫೈಲ್‌ಗಳಲ್ಲಿ ಹಳೆಯ ತಪ್ಪುಗಳೂ ಸೇರಿಕೊಂಡಿರುತ್ತವೆ. ಇರಲಿ. ಈಗ ಬೇಕಾದದ್ದು ‘ಸರಿ’ ಯಾವುದು ಎಂಬುದರ ದಾಖಲೆಗಿಂತ ‘ಈಗ ಇರುವುದು’ ಯಾವುದು ಎಂಬುದರ ದಾಖಲೆ.

ಮೊದಲು ವೇರಿಯಬಲ್ ಒಡೆಯಿರಿ, ಆಮೇಲೆ ಮೆಥಡ್

ನನ್ನ ಮೆಥಡ್‌ನ ನಡುಭಾಗವನ್ನು ಸ್ವಲ್ಪ ಕುದಿಸಿ ಇಳಿಸಿದರೆ ಹೀಗಿತ್ತು:

    ಲೆಕ್ಕಪಟ್ಟಿ_ಮಾಡು(ರೈತ, ಲಾಟ್):
        ಒಟ್ಟು = 0
        ಲಾಟ್‌ನ ಪ್ರತಿ ಚೀಲಕ್ಕೆ:
            ತೂ = ಚೀಲ.ತೂಕ - ಖಾಲಿಚೀಲದ_ತೂಕ
            ಮೊ = ಪೈಸೆಗೆ_ಹೊಂದಿಸು(ತೂ × ಲಾಟ್.ದರ ÷ 100)
            ಒಟ್ಟು = ಒಟ್ಟು + ಮೊ
            ಮುದ್ರಣ.ಸಾಲು_ಸೇರಿಸು(ತೂ, ಮೊ)
        # ಹಮಾಲಿ
        ಒಟ್ಟು = ಒಟ್ಟು - ಚೀಲಗಳ_ಸಂಖ್ಯೆ × ಹಮಾಲಿ_ದರ
        # ಮುಂಗಡ
        ರೈತ.ಮುಂಗಡ_ಬಾಕಿ > 0 ಆದರೆ:
            ಕ = ಕಡಿಮೆಯದು(ರೈತ.ಮುಂಗಡ_ಬಾಕಿ, ರೈತ.ಕಂತು)
            ಒಟ್ಟು = ಒಟ್ಟು - ಕ
            ಖಾತೆ.ಜಮಾ(ರೈತ, ಕ)
        ಮುದ್ರಣ.ಕೊನೆಯ_ಸಾಲು(ಒಟ್ಟು)

ಇದನ್ನು ನೋಡಿದ ತಕ್ಷಣ ಕಾಮೆಂಟ್ ಇರುವ ಕಡೆ ಕತ್ತರಿಸೋಣ ಎನ್ನಿಸುತ್ತದೆ. ನನಗೂ ಅನ್ನಿಸಿ, ಎರಡು ಸಲ ಪ್ರಯತ್ನಿಸಿ, ಎರಡು ಸಲವೂ ಹಿಂದಕ್ಕೆ ಬಂದೆ. ಕಾರಣ ‘ಒಟ್ಟು’ ಎಂಬ ವೇರಿಯಬಲ್. ಲೂಪ್ ಮುಗಿದಾಗ ಅದು ಮಾರಾಟದ ಮೊತ್ತ, ಎರಡು ಸಾಲು ಕೆಳಗೆ ಖರ್ಚು ಕಳೆದ ಮೊತ್ತ, ಕೊನೆಯಲ್ಲಿ ರೈತರ ಕೈಗೆ ಸಿಗುವ ಮೊತ್ತ. ಒಂದೇ ಹೆಸರಿನಲ್ಲಿ ಮೂರು ಸಂಗತಿಗಳು ಓಡಾಡುತ್ತಿರುವಾಗ ಯಾವ ತುಂಡನ್ನು ಎತ್ತಿದರೂ ‘ಒಟ್ಟು’ ಅದರೊಳಕ್ಕೆ ಹೋಗಲೇಬೇಕು, ಹೊರಕ್ಕೆ ಬರಲೇಬೇಕು. ತುಂಡು ಬೇರೆಯಾದಂತೆ ಕಂಡರೂ ದಾರ ಕಡಿದಿರುವುದಿಲ್ಲ. ಆದ್ದರಿಂದ ಒಂದೂ ಹೊಸ ಮೆಥಡ್ ಮಾಡದೆ, ಮೊದಲು ‘ಮಾರಾಟ_ಮೊತ್ತ’, ‘ಖರ್ಚು_ಕಳೆದ_ಮೊತ್ತ’, ‘ಕೈಗೆ_ಸಿಗುವ_ಮೊತ್ತ’ ಎಂದು ಮೂರು ವೇರಿಯಬಲ್‌ಗಳನ್ನು ಮಾಡಿ, ಒಂದೊಂದಕ್ಕೂ ಒಂದೇ ಸಲ ಬೆಲೆ ಕೊಡುವಂತೆ ಬರೆದೆ. 200 ಪಟ್ಟಿಗಳನ್ನು ಓಡಿಸಿದೆ, ತಾಳೆಯಾಯಿತು, ಕಮಿಟ್ ಮಾಡಿದೆ (ಆ ಬದಲಾವಣೆಯನ್ನು ಕೋಡ್‌ನ ಇತಿಹಾಸದಲ್ಲಿ ದಾಖಲಿಸಿದೆ). ಇಷ್ಟರಿಂದಲೇ ಮೆಥಡ್ ಅರ್ಧ ಅರ್ಥವಾಗತೊಡಗಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ.

ಲೂಪ್‌ನ ವಿಷಯವೂ ಹೀಗೆಯೇ. ಅದು ಮೊತ್ತವನ್ನೂ ಕೂಡಿಸುತ್ತದೆ, ಮುದ್ರಣದ ಸಾಲನ್ನೂ ಸೇರಿಸುತ್ತದೆ. ಒಂದೇ ಲೂಪನ್ನು ಎರಡಾಗಿ ಮಾಡಿ, ಮೊದಲನೆಯದರಲ್ಲಿ ಲೆಕ್ಕ, ಎರಡನೆಯದರಲ್ಲಿ ಮುದ್ರಣ ಎಂದು ಬೇರ್ಪಡಿಸಬೇಕು. ಎರಡು ಸಲ ಸುತ್ತಿದರೆ ನಿಧಾನವಾಗುವುದಿಲ್ಲವೇ ಎಂದು ಜೊತೆಗಿದ್ದ ಹುಡುಗ ಕೇಳಿದ. ಅರವತ್ತು ಚೀಲದ ಲಾಟನ್ನು ಹತ್ತು ಸಲ ಸುತ್ತಿದರೂ ಪ್ರಿಂಟರ್ ಕಾಗದ ಎಳೆದುಕೊಳ್ಳುವಷ್ಟು ಹೊತ್ತೂ ಬೇಕಾಗುವುದಿಲ್ಲ. ಲಕ್ಷಗಟ್ಟಲೆ ದಾಖಲೆಗಳ ಲೂಪ್ ಆದರೆ ಅಳೆದು ನೋಡಿ ನಿರ್ಧರಿಸಬೇಕು, ಊಹೆಯಿಂದಲ್ಲ.

ಕತ್ತರಿಸುವುದು

ಈಗ ತುಂಡುಗಳನ್ನು ಎತ್ತಬಹುದು. ಒಂದು ತುಂಡನ್ನು ಎತ್ತುವ ಮೊದಲು ಎರಡು ಪಟ್ಟಿ ಮಾಡಿಕೊಳ್ಳಿ: ತುಂಡಿನ ಮೇಲಿನ ಸಾಲುಗಳಿಂದ ಬಂದು ತುಂಡಿನೊಳಗೆ ಬಳಕೆಯಾಗುವ ವೇರಿಯಬಲ್‌ಗಳು ಯಾವುವು, ತುಂಡಿನೊಳಗೆ ಬೆಲೆ ಪಡೆದು ಕೆಳಗಿನ ಸಾಲುಗಳಿಗೆ ಬೇಕಾಗುವವು ಯಾವುವು. ಮೊದಲ ಪಟ್ಟಿಯವು ಹೊಸ ಮೆಥಡ್‌ನ ಪ್ಯಾರಾಮೀಟರ್‌ಗಳಾಗುತ್ತವೆ, ಎರಡನೆಯ ಪಟ್ಟಿಯದು ಅದು ಹಿಂದಿರುಗಿಸುವ ಬೆಲೆ. ಎರಡನೆಯ ಪಟ್ಟಿಯಲ್ಲಿ ಒಂದಕ್ಕಿಂತ ಹೆಚ್ಚು ಹೆಸರಿದ್ದರೆ ಬಹುಮಟ್ಟಿಗೆ ಕತ್ತರಿ ಇಟ್ಟ ಜಾಗ ತಪ್ಪು. ಎರಡು ಸಾಲು ಮೇಲೋ ಕೆಳಗೋ ಸರಿಸಿ ನೋಡಬೇಕು. ತುಂಡಿನ ನಡುವೆಯೇ ಮೆಥಡ್‌ನಿಂದ ಹೊರಬೀಳುವ ‘ರಿಟರ್ನ್’ ಅಥವಾ ಲೂಪ್ ನಿಲ್ಲಿಸುವ ‘ಬ್ರೇಕ್’ ಇದ್ದರೆ ಇನ್ನೂ ಎಚ್ಚರ ಬೇಕು, ಏಕೆಂದರೆ ಎತ್ತಿದ ಮೇಲೆ ಆ ರಿಟರ್ನ್ ಹೊಸ ಮೆಥಡ್‌ನಿಂದ ಮಾತ್ರ ಹೊರಬೀಳುತ್ತದೆ, ಹಳೆಯದು ಏನೂ ಆಗಿಲ್ಲವೆಂಬಂತೆ ಮುಂದುವರಿಯುತ್ತದೆ.

ಈ ಎಣಿಕೆಯನ್ನೆಲ್ಲ ಎಡಿಟರ್‌ಗಳು ತಾವೇ ಮಾಡಿಕೊಡುತ್ತವೆ. ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ಇಂಟೆಲಿಜೆ ಬಳಸುವವರು ಸಾಲುಗಳನ್ನು ಆಯ್ದು ಕಂಟ್ರೋಲ್-ಆಲ್ಟ್-ಎಂ ಒತ್ತಿದರೆ ಸಾಕು, ಎಕ್ಲಿಪ್ಸ್‌ನಲ್ಲಿ ಆಲ್ಟ್-ಶಿಫ್ಟ್-ಎಂ, ವಿಎಸ್ ಕೋಡ್‌ನಲ್ಲಿ ಕಂಟ್ರೋಲ್ ಜೊತೆ ಚುಕ್ಕಿ. ಕೈಯಲ್ಲಿ ಕತ್ತರಿಸಿ ಅಂಟಿಸುವುದಕ್ಕಿಂತ ಇದು ಸುರಕ್ಷಿತ. ಆದರೆ ಎಡಿಟರ್‌ಗೆ ಎಲ್ಲಿ ಕತ್ತರಿಸಬೇಕೆಂಬುದು ತಿಳಿಯದು, ಏನು ಹೆಸರಿಡಬೇಕೆಂಬುದು ಮೊದಲೇ ತಿಳಿಯದು.

ಹೆಸರೇ ನನ್ನ ಪರೀಕ್ಷೆ. ತುಂಡಿಗೆ ಮಂಡಿಯವರಿಗೂ ಅರ್ಥವಾಗುವ ಹೆಸರು ಹೊಳೆದರೆ ಅದು ನಿಜವಾಗಿ ಒಂದು ತುಂಡು: ‘ಹಮಾಲಿ_ಖರ್ಚು’, ‘ಈ_ಸಲದ_ಕಂತು’, ‘ನಿವ್ವಳ_ತೂಕ’. ‘ಭಾಗ_ಎರಡು’, ‘ಮುಂದಿನ_ಲೆಕ್ಕ’, ‘ಡೇಟಾ_ಸಂಸ್ಕರಿಸು’ ಎಂಬಂಥ ಹೆಸರು ಮಾತ್ರ ಬಾಯಿಗೆ ಬಂದರೆ ನಾವು ಉದ್ದದ ಬಟ್ಟೆಯನ್ನು ಮಡಿಸಿದ್ದೇವೆಯೇ ಹೊರತು ಹೊಲಿದಿಲ್ಲ. ‘ಕಂತು_ಲೆಕ್ಕಹಾಕಿ_ಖಾತೆಗೆ_ಬರೆ’ ಎಂಬ ಹೆಸರು ಬಂದಾಗ ನಾನು ನಿಂತೆ. ಆ ‘ಹಾಕಿ’ ಎಂಬ ಜೋಡಣೆಯಲ್ಲಿಯೇ ಕರೆಂಟ್ ಹೋದ ದಿನದ ತಪ್ಪು ಇತ್ತು. ಲೆಕ್ಕ ಹೇಳುವುದು ಬೇರೆ, ಖಾತೆ ಬದಲಿಸುವುದು ಬೇರೆ. ಲೆಕ್ಕವನ್ನು ನೂರು ಸಲ ಕೇಳಿದರೂ ಒಂದೇ ಉತ್ತರ ಬರಬೇಕು, ಯಾವುದೂ ಬದಲಾಗಬಾರದು. ಖಾತೆಗೆ ಬರೆಯುವ ಕೆಲಸ ಒಂದೇ ಸಲ, ಎದ್ದು ಕಾಣುವ ಜಾಗದಲ್ಲಿ ಆಗಬೇಕು. ಹೀಗೆ ಬೇರ್ಪಡಿಸಿದ ಮೇಲೆ ಮೇಲಿನ ಮೆಥಡ್ ಇಷ್ಟಾಯಿತು:

    ಲೆಕ್ಕಪಟ್ಟಿ_ಮಾಡು(ರೈತ, ಲಾಟ್):
        ಪಟ್ಟಿ = ಪಟ್ಟಿಯ_ಲೆಕ್ಕ(ರೈತ, ಲಾಟ್)
        ಖಾತೆಗೆ_ಬರೆ(ರೈತ, ಪಟ್ಟಿ)
        ಮುದ್ರಿಸು(ಪಟ್ಟಿ)
        ಸಂದೇಶ_ಕಳಿಸು(ರೈತ, ಪಟ್ಟಿ)

    ಪಟ್ಟಿಯ_ಲೆಕ್ಕ(ರೈತ, ಲಾಟ್):
        ಮಾರಾಟ = ಮಾರಾಟ_ಮೊತ್ತ(ಲಾಟ್)
        ಹಮಾಲಿ = ಹಮಾಲಿ_ಖರ್ಚು(ಲಾಟ್)
        ಕಂತು = ಈ_ಸಲದ_ಕಂತು(ರೈತ)
        ಹಿಂದಿರುಗಿಸು ಪಟ್ಟಿ(ಲಾಟ್, ಮಾರಾಟ, ಹಮಾಲಿ, ಕಂತು)

ಇಲ್ಲಿ ‘ಪಟ್ಟಿ’ ಎಂಬ ಹೊಸ ವಸ್ತು ಬಂದಿರುವುದನ್ನು ಗಮನಿಸಿ. ಮುದ್ರಣದ ತುಂಡನ್ನು ಮೊದಲ ಸಲ ಎತ್ತಿದಾಗ ಅದಕ್ಕೆ ಒಂಬತ್ತು ಪ್ಯಾರಾಮೀಟರ್‌ಗಳು ಬೇಕಾಗಿದ್ದವು. ಒಂಬತ್ತನ್ನೂ ಸಾಲಾಗಿ ಕಳಿಸುವ ಮೆಥಡ್ ಉದ್ದದ ಮೆಥಡ್‌ಗಿಂತ ಓದಲು ಹಿತವೇನಲ್ಲ, ಮೇಲಾಗಿ ಹಮಾಲಿಯ ಜಾಗದಲ್ಲಿ ಕಂತನ್ನು ಕಳಿಸಿದರೂ ಕಂಪೈಲರ್ ಸುಮ್ಮನಿರುತ್ತದೆ, ಎರಡೂ ಅಂಕಿಗಳೇ. ಯಾವಾಗಲೂ ಜೊತೆಯಾಗಿಯೇ ಓಡಾಡುವ ಬೆಲೆಗಳಿಗೆ ಒಂದು ಕ್ಲಾಸ್ ಮಾಡಿ ಹೆಸರಿಡಬೇಕು. ಆ ಹೆಸರು ಮಂಡಿಯಲ್ಲಿ ಮೊದಲೇ ಇತ್ತು, ನಾನು ನಾಲ್ಕು ವರ್ಷ ಕೋಡ್‌ನಲ್ಲಿ ಬರೆದಿರಲಿಲ್ಲ ಅಷ್ಟೇ. ಕೈಗೆ ಸಿಗುವ ಮೊತ್ತವನ್ನು ಕೇಳಿದಾಗ ಕಳೆದು ಹೇಳುವುದು ಈಗ ಆ ಕ್ಲಾಸಿನದೇ ಕೆಲಸ.

ಒಳಗೊಳಗೆ ಹೋಗುವ ‘ಇದ್ದರೆ’ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಲಾಟ್ ಮಾರಾಟವಾಗಿದ್ದರೆ, ದರ ನಮೂದಾಗಿದ್ದರೆ, ರೈತರ ಖಾತೆ ಇದ್ದರೆ ಎಂದು ಮೂರು ಮೆಟ್ಟಿಲು ಇಳಿದ ಮೇಲೆ ನಿಜವಾದ ಕೆಲಸ ಶುರುವಾಗುತ್ತಿದ್ದರೆ, ಅವನ್ನು ತಿರುಗಿಸಿ ಬರೆಯಿರಿ: ಮಾರಾಟವಾಗಿಲ್ಲದಿದ್ದರೆ ಮೊದಲ ಸಾಲಿನಲ್ಲಿಯೇ ತಪ್ಪು ತಿಳಿಸಿ ಹೊರಬನ್ನಿ, ದರವಿಲ್ಲದಿದ್ದರೆ ಎರಡನೆಯ ಸಾಲಿನಲ್ಲಿ. ಬಾಗಿಲಲ್ಲಿಯೇ ವಿಚಾರಿಸಿಕೊಂಡರೆ ಒಳಗಿನ ಸಾಲುಗಳು ಎಡ ಅಂಚಿಗೆ ಬಂದು ನೇರವಾಗಿ ಓದಿಸಿಕೊಳ್ಳುತ್ತವೆ.

ಒಂದು ಪೈಸೆಯ ಪಾಠ

‘ಮಾರಾಟ_ಮೊತ್ತ’ವನ್ನು ಎತ್ತುವಾಗ ನನಗೆ ಒಂದು ಚಪಲವಾಯಿತು. ಪ್ರತಿ ಚೀಲಕ್ಕೂ ಪೈಸೆಗೆ ಹೊಂದಿಸುವ ಬದಲು ಎಲ್ಲ ಕೂಡಿಸಿ ಕೊನೆಯಲ್ಲಿ ಒಮ್ಮೆ ಹೊಂದಿಸಿದರೆ ಕೋಡ್ ಚೊಕ್ಕವಾಗುತ್ತದೆ ಎಂದು ಆ ಸಾಲನ್ನು ಲೂಪ್‌ನ ಹೊರಗಿಟ್ಟೆ. ಹೋಲಿಕೆಯ ಸ್ಕ್ರಿಪ್ಟ್ ಹಲವು ಪಟ್ಟಿಗಳಲ್ಲಿ ವ್ಯತ್ಯಾಸ ತೋರಿಸಿತು. ಅವುಗಳಲ್ಲಿ ಚಿಕ್ಕದು ಎರಡೇ ಚೀಲದ್ದು: ಎರಡೂ ನಿವ್ವಳ 65.35 ಕೆ.ಜಿ., ದರ ಕ್ವಿಂಟಲ್‌ಗೆ 47,599 ರೂಪಾಯಿ. ಒಂದು ಚೀಲದ ಬೆಲೆ 31,105.9465, ಅದನ್ನು ಪೈಸೆಗೆ ಹೊಂದಿಸಿದರೆ 31,105.95, ಎರಡು ಚೀಲಕ್ಕೆ 62,211.90. ಕೂಡಿಸಿದ ಮೇಲೆ ಹೊಂದಿಸಿದರೆ 62,211.893 ಎಂಬುದು 62,211.89 ಆಗುತ್ತದೆ. ಒಂದು ಪೈಸೆಯಿಂದ ಯಾರೂ ಬಡವರಾಗುವುದಿಲ್ಲ, ಆದರೆ ಪಟ್ಟಿಯಲ್ಲಿ ಚೀಲವಾರು ಮುದ್ರಿಸಿದ ಮೊತ್ತಗಳನ್ನು ಕ್ಯಾಲ್ಕುಲೇಟರ್‌ನಲ್ಲಿ ಕೂಡಿಸಿ ನೋಡುವ ರೈತರಿಗೆ ಕೆಳಗಿನ ಮೊತ್ತ ಹೊಂದದಿದ್ದರೆ ಉಳಿದ ಸಾಲುಗಳ ಮೇಲೂ ಅನುಮಾನ ಹುಟ್ಟುತ್ತದೆ. ಹಳೆಯ ಕೋಡ್ ಚೀಲಕ್ಕೊಮ್ಮೆ ಹೊಂದಿಸುತ್ತಿದ್ದುದಕ್ಕೆ ಇದೇ ಕಾರಣವಾಗಿತ್ತು, ಬರೆದ ನನಗೇ ಮರೆತುಹೋಗಿತ್ತು. ಸಾಲನ್ನು ಮೊದಲಿದ್ದ ಜಾಗಕ್ಕೆ ಹಾಕಿ, ಕಾರಣವನ್ನು ಅದರ ಮೇಲೆ ಕಾಮೆಂಟ್ ಆಗಿ ಬರೆದೆ. ಮೆಥಡ್ ಎತ್ತಿದ ಮೇಲೆ ‘ಹಮಾಲಿ’, ‘ಮುಂಗಡ’ ಎಂಬ ಕಾಮೆಂಟ್‌ಗಳು ಬೇಕಿಲ್ಲ, ಹೆಸರುಗಳೇ ಅದನ್ನು ಹೇಳುತ್ತವೆ. ಇಂಥ ‘ಏಕೆ’ಯ ಕಾಮೆಂಟ್ ಮಾತ್ರ ಉಳಿಯಲೇಬೇಕು.

ಒಂದು ಕಮಿಟ್‌ನಲ್ಲಿ ಒಂದೇ ಕತ್ತರಿಕೆ ಇರಲಿ. ಜಾಗ ಬದಲಿಸುವುದನ್ನೂ ಸಾಲು ತಿದ್ದುವುದನ್ನೂ ಒಂದೇ ಕಮಿಟ್‌ನಲ್ಲಿ ಬೆರೆಸಿದರೆ ಪರಿಶೀಲಿಸುವವರು ಏನನ್ನೂ ಗುರುತಿಸಲಾರರು. ಬೆರೆಸದಿದ್ದರೆ, ಕೋಡ್‌ನ ಹಳೆಯ ಹೊಸ ರೂಪಗಳ ವ್ಯತ್ಯಾಸ ತೋರಿಸುವ ಗಿಟ್ ಡಿಫ್‌ಗೆ ‘ಕಲರ್-ಮೂವ್ಡ್’ ಎಂಬ ಆಯ್ಕೆಯನ್ನು ಕೊಟ್ಟಾಗ ಬರೀ ಸ್ಥಳಾಂತರಗೊಂಡ ಸಾಲುಗಳು ಬೇರೆ ಬಣ್ಣದಲ್ಲಿ ಕಾಣುತ್ತವೆ; ಉಳಿದ ನಾಲ್ಕಾರು ಸಾಲುಗಳನ್ನು ಮಾತ್ರ ಕಣ್ಣಿಟ್ಟು ಓದಿದರಾಯಿತು.

ಕತ್ತರಿಸದೆ ಬಿಟ್ಟದ್ದು

ಹುರುಪಿನಲ್ಲಿ ನಾನು ಒಂದು ಹಂತದಲ್ಲಿ ಅತಿ ಮಾಡಿದೆ. ‘ನಿವ್ವಳ_ತೂಕ’ದೊಳಗೆ ‘ಖಾಲಿಚೀಲ_ಕಳೆ’, ಅದರೊಳಗೆ ‘ತೂಕ_ವ್ಯತ್ಯಾಸ’ ಎಂದು ಒಂದು ಕಳೆಯುವ ಚಿಹ್ನೆಗೆ ಮೂರು ಮೆಥಡ್‌ಗಳಾದವು. ಓದುವವನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುತ್ತ ಹೋಗಬೇಕಾಗಿ ಬಂದಾಗ, ಮೆಥಡ್‌ನ ಹೆಸರು ಅದರ ಒಳಗಿನ ಸಾಲಿಗಿಂತ ಹೆಚ್ಚೇನನ್ನೂ ಹೇಳದಿದ್ದಾಗ, ಅದನ್ನು ಕರೆದ ಜಾಗಕ್ಕೇ ಮತ್ತೆ ಸೇರಿಸಿಬಿಡಬೇಕು. ಎರಡನ್ನು ಹಾಗೆ ಸೇರಿಸಿದೆ. ಉಳಿದವನ್ನು ಫೈಲ್‌ನಲ್ಲಿ ಕರೆಯುವ ಕ್ರಮದಲ್ಲಿಯೇ ಒಂದರ ಕೆಳಗೆ ಒಂದರಂತೆ ಇಟ್ಟೆ.

ಮುದ್ರಣದ ಮೆಥಡ್ ಈಗಲೂ 84 ಸಾಲಿದೆ. ಮೇಲೆ ಮಂಡಿಯ ಹೆಸರು, ಕೆಳಗೆ ರೈತರ ಹೆಸರು, ಆಮೇಲೆ ಚೀಲಗಳ ಸಾಲು, ಗೆರೆ, ಮೊತ್ತ, ಸಹಿಯ ಜಾಗ. ಒಂದಾದ ಮೇಲೊಂದು ಬರುತ್ತದೆ, ಒಂದೇ ಲೂಪ್, ಕವಲಿಲ್ಲ. ಅದನ್ನು ಓದುವುದೆಂದರೆ ಕಾಗದದ ಪಟ್ಟಿಯನ್ನೇ ಮೇಲಿನಿಂದ ಕೆಳಗೆ ಓದಿದಂತೆ. ಒಡೆದರೆ ಆ ಸಾದೃಶ್ಯ ಹೋಗುತ್ತದೆ. ಹಾಗಾಗಿ ಮುಟ್ಟಲಿಲ್ಲ.

ಎರಡು ಸಲ ಜಮಾ ಆಗುವ ತಪ್ಪನ್ನು ಇಷ್ಟೆಲ್ಲ ದಿನ ಹಾಗೆಯೇ ಬಿಟ್ಟಿದ್ದೆ, ಗುಮಾಸ್ತರಿಗೆ ಪಟ್ಟಿಯ ಗುಂಡಿಯನ್ನು ಮತ್ತೆ ಒತ್ತಬೇಡಿ, ಮರುಮುದ್ರಣ ಬೇಕಾದರೆ ನನಗೆ ಹೇಳಿ ಎಂದು ತಿಳಿಸಿದ್ದೆ. ಬಿಡಿಸುವ ಕೆಲಸ ಮುಗಿದು 200 ಪಟ್ಟಿಗಳೂ ತಾಳೆಯಾದ ಮೇಲೆ ಬೇರೆಯದೇ ಕಮಿಟ್‌ನಲ್ಲಿ ಅದನ್ನು ಸರಿಪಡಿಸಿದೆ: ಲೆಕ್ಕವಾದ ಪಟ್ಟಿಯನ್ನು ಖಾತೆಯ ನಮೂದಿನ ಜೊತೆಗೇ ಒಂದೇ ವಹಿವಾಟಾಗಿ ಉಳಿಸಿ, ಆ ಲಾಟ್‌ಗೆ ಪಟ್ಟಿ ಈಗಾಗಲೇ ಇದ್ದರೆ ‘ಖಾತೆಗೆ_ಬರೆ’ ಏನನ್ನೂ ಬರೆಯದಂತೆ ಮಾಡಿದೆ. ಮರುಮುದ್ರಣಕ್ಕೆ ಪ್ರತ್ಯೇಕ ಗುಂಡಿ ಕೊಟ್ಟೆ. ಅದು ಉಳಿಸಿದ ಪಟ್ಟಿಯನ್ನು ತೆಗೆದು ‘ಮುದ್ರಿಸು’ ಎಂಬುದೊಂದನ್ನೇ ಕರೆಯುತ್ತದೆ. ಎಲ್ಲ ಸೇರಿ ಹನ್ನೊಂದು ಸಾಲು.